ಕೈ ಬಿಟ್ಟರೆ ಮೈಕ್ ಆಫ್

ಮೇ 6, ಸೋಮವಾರ

ಹಾಲು, ಮಾತ್ರೆ, ಮಾವನಿಗೆ ಬಿಸಿನೀರಿನ ಹಬೆ, ನನ್ನ ಊಟದ ಡಬ್ಬಿ. ಗೋದಾಮು ಸೇರುವಾಗ ತಡ. ಶನಿವಾರ, ಭಾನುವಾರ ಎರಡೂ ದಿನ ಸ್ಟಾಕ್ ಎಣಿಸಿದವನಿಗೆ ಸೋಮವಾರ ಬೇರೆಯಾಗಿ ಕಾಣುವುದಿಲ್ಲ. ಅದೇ ಶಾಲಾ ಪುಸ್ತಕದ ಕಟ್ಟುಗಳು, ಅದೇ ಧೂಳು, ಅದೇ ಸೀನು.

ಸಂಜೆ ಬಂದರೆ ಮನೆಯಲ್ಲಿ ಕರೆಂಟ್ ಹೋಗಿ ಬಂದಿತ್ತು. ಹಾಲ್‌ನ ಕಂಪ್ಯೂಟರ್ ಹೊಸದಾಗಿ ಎದ್ದು ಪಾಸ್‌ವರ್ಡ್ ಕೇಳುತ್ತಾ ಕೂತಿತ್ತು. ಕೊಟ್ಟೆ. ಪರದೆ ಒಮ್ಮೆ ಕಪ್ಪಾಯಿತು — ಮತ್ತೆ ಅದೇ ಪಾಸ್‌ವರ್ಡ್ ಪುಟ. ಮತ್ತೆ ಕೊಟ್ಟೆ. ಮತ್ತೆ ಕಪ್ಪು, ಮತ್ತೆ ಅದೇ ಪುಟ. ಬೇಕೆಂದೇ ತಪ್ಪು ಬರೆದು ನೋಡಿದೆ. ತಪ್ಪು ಎಂದು ಹೇಳಿತು. ಅಂದರೆ ಸರಿ ಯಾವುದು ಎಂದು ಅದಕ್ಕೆ ಗೊತ್ತು! ಗೊತ್ತಿದ್ದೂ ಒಳಗೆ ಬಿಡುತ್ತಿಲ್ಲ.

ಮಾವ ಹಾಲ್‌ನ ಮಂಚದಿಂದ, ಅದೇ ಬಿರುಕು ಬಿಟ್ಟ ದನಿಯಲ್ಲಿ, “ಅಳಿಯಂದಿರೇ, ಯಂತ್ರ ಮುನಿಸಿಕೊಂಡಿದೆಯೋ?” ಎಂದರು. ಮೂರು ವರ್ಷದಿಂದ ಒಂದೇ ಮನೆಯಲ್ಲಿದ್ದೇವೆ, ಈ ಬಹುವಚನದ ಕೀಟಲೆ ಮಾತ್ರ ಬಿಟ್ಟಿಲ್ಲ.

“ಸರಿಹೋಗುತ್ತೆ ಮಾವ” ಎಂದೆ. ಮತ್ತೊಮ್ಮೆ ಪಾಸ್‌ವರ್ಡ್ ಕೊಟ್ಟೆ.

ಮೇ 7, ಮಂಗಳವಾರ, ಬೆಳಿಗ್ಗೆ

ನಿದ್ದೆ ಸರಿಯಾಗಿಲ್ಲ. ಬರೆದಿಟ್ಟರೆ ತಲೆ ತಣ್ಣಗಾದೀತು.

ಇಪ್ಪತ್ತನೇ ತಾರೀಕಿಗೆ ಮಾವನ ಅಡ್ಮಿಷನ್. ಗಂಟಲಿನ ಗಡ್ಡೆಯ ಜೊತೆ ಧ್ವನಿಪೆಟ್ಟಿಗೆಯನ್ನೇ ತೆಗೆಯುತ್ತಾರೆ. ಆಮೇಲೆ ಮಾತಿಲ್ಲ. ಆಸ್ಪತ್ರೆಯ ಥೆರಪಿಸ್ಟ್ ಮೇಡಂ ಒಂದು ಉಪಾಯ ಹೇಳಿದ್ದರು — ಅವರು ಕೊಟ್ಟ ವಾಕ್ಯಗಳನ್ನೆಲ್ಲ ಮಾವ ಓದಿ ರೆಕಾರ್ಡ್ ಮಾಡಬೇಕು. ಅದರಿಂದ ಕಂಪ್ಯೂಟರ್‌ನಲ್ಲಿ ಅವರದೇ ದನಿ ಕಟ್ಟುತ್ತಾರೆ. ಮುಂದೆ ಮಾವ ಫೋನಿನಲ್ಲಿ ಟೈಪ್ ಮಾಡಿದರೆ ಫೋನು ಅವರ ದನಿಯಲ್ಲಿ ಹೇಳುತ್ತದೆ. ಒಂದು ತಿಂಗಳಿನಿಂದ ದಿನಾ ಸ್ವಲ್ಪ ಸ್ವಲ್ಪ ಓದಿದರು. ಮೊನ್ನೆ ಶನಿವಾರ ಮುಗಿಯಿತು. ಈಗ ಮಧ್ಯಾಹ್ನದ ಹೊತ್ತಿಗೇ ಅವರ ಗಂಟಲಿಂದ ದನಿ ಹೊರಡುವುದಿಲ್ಲ. ಇನ್ನೊಮ್ಮೆ ಅಷ್ಟನ್ನೂ ಓದಲು ಆಗುವ ಮಾತಲ್ಲ.

ಎಲ್ಲ ಈ ಹಳೇ ಕಂಪ್ಯೂಟರ್‌ನಲ್ಲೇ ಇದೆ. ಇನ್ನೊಂದು ಪ್ರತಿ ಇಲ್ಲ. ಇಟ್ಟುಕೊಳ್ಳಿ ಎಂದು ಹೆಂಡತಿ ಹೇಳಿದ್ದಳು. ಇಡೋಣ ಎಂದಿದ್ದೆ. ದುಡ್ಡು ಕೊಡದೆ ಸಿಗುತ್ತದೆ, ಮುದಿ ಯಂತ್ರದಲ್ಲೂ ಓಡುತ್ತದೆ ಎಂದು ಲಿನಕ್ಸ್ ಆಪರೇಟಿಂಗ್ ಸಿಸ್ಟಂ ಹಾಕಿಕೊಂಡವನೂ ನಾನೇ. ಜಾಣ!

ಮೇ 8, ಬುಧವಾರ

ಊಟದ ವಿರಾಮದಲ್ಲಿ ಸಿಪಿಯು ಹೊತ್ತುಕೊಂಡು ಕಂಪ್ಯೂಟರ್ ಅಂಗಡಿಗೆ ಹೋದೆ. ಅಂಗಡಿಯವನು ಕುರ್ಚಿಯಿಂದ ಏಳಲಿಲ್ಲ.

“ಇದ್ಯಾವ ಕಾಲದ್ದು ಸಾರ್? ಅದರ ಮೇಲೆ ಲಿನಕ್ಸ್ ಬೇರೆ. ಫಾರ್ಮ್ಯಾಟ್ ಹೊಡೆಸಿಬಿಡಿ, ಹೊಸದಾಗಿ ಹಾಕಿಕೊಡ್ತೀನಿ.”

“ಒಳಗಿರೋದು?”

“ಹೋಗುತ್ತೆ. ಏನಿದೆ ಒಳಗೆ, ಫೋಟೋನಾ?”

“ನಮ್ಮ ಮಾವ ಇದ್ದಾರೆ” ಎಂದು ಬಾಯಿಗೆ ಬಂದದ್ದನ್ನು ನುಂಗಿಕೊಂಡು ಪೆಟ್ಟಿಗೆ ಎತ್ತಿಕೊಂಡು ಬಂದೆ. ಸೊಂಟ ಹಿಡಿದಿದೆ.

ಇವಳಿಗೆ ಎಲ್ಲ ಹೇಳಿದೆ. ಕಸ್ಟಮರ್ ಕೇರ್‌ನಲ್ಲಿ ದಿನವಿಡೀ ಊರಿನವರ ಬೈಗುಳ ಕೇಳಿ ಬರುವವಳು, ಮನೆಯಲ್ಲಿ ಬೈಯಲು ಅವಳಿಗೆ ತ್ರಾಣವೇ ಇರುವುದಿಲ್ಲ. “ಅಪ್ಪನಿಗೆ ಗೊತ್ತಾಗೋದು ಬೇಡ ರೀ” ಎಂದಳು, ಅಷ್ಟೇ. ಬೈದಿದ್ದರೆ ವಾಸಿಯಿತ್ತು.

ಮೇ 9, ಗುರುವಾರ

ಫೋನಿನಲ್ಲಿ ಲಿನಕ್ಸ್‌ನವರ ಗುಂಪೊಂದಕ್ಕೆ ಬರೆದೆ. ‘ಒಂಟಿಸಲಗ’ ಎಂದು ಹೆಸರಿಟ್ಟುಕೊಂಡ ಪುಣ್ಯಾತ್ಮ ಉತ್ತರಿಸಿದ. ಗಂಡೋ ಹೆಣ್ಣೋ ಗೊತ್ತಿಲ್ಲ. ಮಾತು ಮಾತ್ರ ಅಳೆದು ಸುರಿದ ಹಾಗೆ.

‘ಬಾಗಿಲು ಕೆಟ್ಟಿದೆ. ಮನೆ ಕೆಟ್ಟಿಲ್ಲ. ಚಿತ್ರದ ಬಾಗಿಲು ಬಿಟ್ಟು ಅಕ್ಷರದ ಬಾಗಿಲಿಂದ ಹೋಗಿ. ಕಂಟ್ರೋಲ್, ಆಲ್ಟ್, ಎಫ್ ಮೂರು — ಒಟ್ಟಿಗೆ.’

ಒತ್ತಿದೆ. ಕಪ್ಪು ಪರದೆ. ಹೆಸರು ಕೇಳಿತು, ಕೊಟ್ಟೆ. ಪಾಸ್‌ವರ್ಡ್ ಕೇಳಿತು. ಬರೆಯುತ್ತಿದ್ದರೆ ಒಂದು ಚುಕ್ಕೆಯೂ ಮೂಡುತ್ತಿಲ್ಲ. ಕೀಬೋರ್ಡೂ ಕೈಕೊಟ್ಟಿತು ಎಂದುಕೊಂಡು ತಲೆ ಚಚ್ಚಿಕೊಂಡೆ. ‘ಕಾಣೋದಿಲ್ಲ. ಬರೆದು ಎಂಟರ್ ಒತ್ತಿ’ ಎಂದಿತು ಸಲಗ.

ಒತ್ತಿದೆ. ಒಳಗೆ ಬಂದುಬಿಟ್ಟೆ! ಚಿತ್ರವಿಲ್ಲ, ಬಾಣವಿಲ್ಲ, ಮಿಣುಕುವ ಒಂದು ಗೆರೆ. ಫೈಲುಗಳ ಪಟ್ಟಿ ಕೇಳಿದೆ. ಮಾವನ ವಾಕ್ಯಗಳು ಸಾಲಾಗಿ ಇವೆ. ಕಣ್ಣು ಮಂಜಾಯಿತು. ಇವಳನ್ನು ಕೂಗಿ ತೋರಿಸಿದೆ. ಅವಳೂ ಎಷ್ಟೋ ಹೊತ್ತು ನಿಂತು ನೋಡಿದಳು.

ಪೆನ್‌ಡ್ರೈವ್‌ಗೆ ಹಾಕೋಣವೆಂದರೆ ಅಕ್ಷರದ ಬಾಗಿಲಲ್ಲಿ ಅದು ನನ್ನ ಕೈಗೆ ಹತ್ತಲಿಲ್ಲ. ಒಳಗೆ ಬಿಡುವ ಕೀಲಿಗೆ ಸಂಬಂಧಪಟ್ಟ ಯಾವುದೋ ಫೈಲನ್ನು ಸಲಗ ತೆಗೆಸಿ ನೋಡಿತು, ಪ್ರಯೋಜನವಾಗಲಿಲ್ಲ. ಚಿತ್ರದ ಬಾಗಿಲು ಇನ್ನೂ ಮುನಿದೇ ಇದೆ.

ಮೇ 11, ಶನಿವಾರ, ಮಧ್ಯಾಹ್ನ

ಸಾಧಿಸಿದೆ!

ಬೆಳಿಗ್ಗೆ ಸಲಗ ಕೇಳಿತು — ‘ಡಿಸ್ಕ್ ತುಂಬಿದೆಯೇ? ಡಿಎಫ್ ಎಂದು ಬರೆದು ನೋಡಿ.’ ಬರೆದೆ. ನೂರಕ್ಕೆ ನೂರು ತುಂಬಿತ್ತು. ಒಂದು ಚೂರೂ ಜಾಗವಿಲ್ಲ. ಒಳಗೆ ಬರುವವನು ಚಪ್ಪಲಿ ಬಿಡಲೂ ಜಾಗವಿಲ್ಲದಿದ್ದರೆ ಯಂತ್ರ ತಾನೇ ಏನು ಮಾಡೀತು? ಅದಕ್ಕೇ ಹಿಂದಕ್ಕೆ ತಳ್ಳುತ್ತಿತ್ತು.

ಯಾರು ತುಂಬಿದರು ಎಂದು ಹುಡುಕಿದೆ. ಆನೆಯಂಥ ಒಂದೇ ಫೈಲು, ಹೆಸರಿಡದ್ದು. ಮಾವನ ವಾಕ್ಯಗಳೆಲ್ಲ ಸೇರಿದರೂ ಅದರ ಕಿವಿಯಷ್ಟಾಗುವುದಿಲ್ಲ. ಏನೋ ಕಸ. ‘ಬೇಡವಾದರೆ ಅಳಿಸಲು ಆರ್‌ಎಂ. ಅಲ್ಲಿ ಕಸದಬುಟ್ಟಿ ಇಲ್ಲ, ನೋಡಿಕೊಂಡು’ ಎಂದಿತು ಸಲಗ. ನೋಡಿಕೊಳ್ಳುವುದೇನು? ಆರ್‌ಎಂ, ಫೈಲು, ಎಂಟರ್. ಒಂದು ಮಾತೂ ಕೇಳಲಿಲ್ಲ. ಹೋಯಿತು.

ಮತ್ತೆ ಸ್ಟಾರ್ಟ್ ಮಾಡಿದೆ. ಪಾಸ್‌ವರ್ಡ್. ಕಪ್ಪು... ನನ್ನ ಹಳೇ ನೀಲಿ ಪರದೆ! ಮೊದಲು ಪೆನ್‌ಡ್ರೈವ್‌ಗೆ, ಆಮೇಲೆ ಇವಳ ಲ್ಯಾಪ್‌ಟಾಪ್‌ಗೆ, ಆಮೇಲೆ ಮೇಡಂಗೆ. ಬಾಕಿ ಇದ್ದ ಅಪ್‌ಡೇಟ್‌ಗಳನ್ನೂ ಹಾಕಿಕೊಂಡೆ. ಮಾವ “ಅಳಿಯಂದಿರ ಮುಖದಲ್ಲಿ ಕಳೆ ಬಂತು” ಎಂದರು. ಗೋಡೆಗೆ ಒರಗಿ ಹಾಗೇ ನಿದ್ದೆ ಹೋದೆ.

ಮೇ 13, ಸೋಮವಾರ

ಮೇಡಂ ಫೋನ್ ಮಾಡಿದರು. ದನಿ ಕಟ್ಟಬಹುದಂತೆ. ಆದರೆ ತಡವರಿಸಿದರು.

“ತಪ್ಪು ತಿಳ್ಕೋಬೇಡಿ. ನಿಮ್ಮ ಮಾವ ಎಲ್ಲವನ್ನೂ ಬಸ್ ಸ್ಟ್ಯಾಂಡಿನಲ್ಲಿ ಹೇಳೋ ಥರ ಓದಿದ್ದಾರೆ.”

ಮೇಡಂ ಹೇಳಿದ್ದರಲ್ಲಿ ತಪ್ಪೇನಿಲ್ಲ. ಮಾವ ರಿಟೈರ್ ಆಗುವ ತನಕ ಬಸ್ ನಿಲ್ದಾಣದ ಅನೌನ್ಸರ್. ಮೈಕ್ ಕಂಡರೆ ಸಾಕು, ಬೆನ್ನು ನೆಟ್ಟಗಾಗುತ್ತದೆ. ‘ನನ್ನ ಕನ್ನಡಕ ಎಲ್ಲಿ’ ಎಂಬ ವಾಕ್ಯವನ್ನೂ, ಆ ಕನ್ನಡಕ ಎರಡನೇ ಅಂಕಣದಿಂದ ಹೊರಡಲಿದೆ ಎನ್ನುವ ಹಾಗೆ ಓದಿದ್ದಾರೆ. ನಾವೇ ಎಷ್ಟು ಸಲ ನಕ್ಕಿಲ್ಲ.

“ಮನೇಲಿ ಸುಮ್ನೆ ಮಾತಾಡಿದ್ದು ಯಾವುದಾದ್ರೂ ಇದೆಯಾ? ಜಗಳ ಆಡಿದ್ದೇ ಆಗ್ಲಿ, ಗೊಣಗಿದ್ದೇ ಆಗ್ಲಿ. ಉದ್ದಕ್ಕಿದ್ದಷ್ಟೂ ಒಳ್ಳೇದು. ಅದಿದ್ರೆ ಅವರ ಥರಾನೇ ಮಾತಾಡುತ್ತೆ. ಇಲ್ದಿದ್ರೆ ಬಸ್ ಸ್ಟ್ಯಾಂಡೇ.”

ಇಲ್ಲ ಎಂದೆ. ಫೋನ್ ಇಟ್ಟೆ. ಚಹಾ ಕುಡಿಯುವಾಗ, ಅಳಿಸಿದ ಆ ಆನೆಯಂಥ ಫೈಲು ನೆನಪಾಯಿತು. ಆಮೇಲೆ ಮಾವನ ಹತ್ತಿರ ಹೋಗಿ ಕೇಳಿದೆ.

“ಮಾವ, ಕಂಪ್ಯೂಟರ್ ಕೆಡೋ ಮುಂಚಿನ ಶನಿವಾರ ಕೊನೇ ವಾಕ್ಯಗಳನ್ನ ನೀವೊಬ್ರೇ ಓದಿದ್ರಲ್ಲ, ಮುಗಿದ ಮೇಲೆ ರೆಕಾರ್ಡ್ ಹೇಗೆ ನಿಲ್ಲಿಸಿದ್ರಿ?”

“ನಿಲ್ಲಿಸೋದೇನು? ಒಂದೊಂದನ್ನೂ ನೀವು ಹೇಳಿಕೊಟ್ಟ ಹಾಗೇ ಇಟ್ಟೆ. ಎಲ್ಲ ಮುಗೀತು ಅಂತ ಹೇಳೋಕೆ ಇನ್ನೊಂದು ಸಲ ಒತ್ತಿದೆ, ಹೇಳಿದೆ, ಕೈ ಬಿಟ್ಟೆ. ಕೈ ಬಿಟ್ರೆ ಮೈಕ್ ಆಫ್ ಅಲ್ವೇ?”

ನಿಲ್ದಾಣದ ಮೈಕ್ ಹಾಗೇ ಇತ್ತಂತೆ. ಗುಂಡಿ ಅದುಮಿ ಹಿಡಿದಷ್ಟು ಹೊತ್ತು ಮಾತ್ರ ಜೀವ. ಇಷ್ಟು ವರ್ಷದ ಅಭ್ಯಾಸ. ಕಂಪ್ಯೂಟರಿನ ರೆಕಾರ್ಡ್ ಹಾಗಲ್ಲ, ನಿಲ್ಲಿಸುವ ತನಕ ಓಡುತ್ತಲೇ ಇರುತ್ತದೆ. ಪರದೆ ತಾನಾಗಿ ಆರಿತು, ನಾನು ಗೋದಾಮಿನಲ್ಲಿದ್ದೆ, ಯಾರೂ ಮುಟ್ಟಲಿಲ್ಲ. ಶನಿವಾರದಿಂದ ಜಾಗ ತುಂಬುವ ತನಕ ಹಾಲ್‌ನಲ್ಲಿ ಆಡಿದ ಮಾತೆಲ್ಲ ಹೆಸರಿಡದ ಆ ಫೈಲಿನೊಳಗೆ ಇಳಿದಿದೆ. ಮೇಡಂ ಕೇಳಿದ್ದು ಅದನ್ನೇ.

ಕಸ ಎಂದುಕೊಂಡು ನನ್ನ ಕೈಯಾರೆ ಅಳಿಸಿದೆ.

ಮೇ 14, ಮಂಗಳವಾರ

ಇವಳಿಗೆ ಹೇಳದೆ ಇರಲು ಆಗಲಿಲ್ಲ. ಶೂ ಲೇಸ್ ಕಟ್ಟುತ್ತಿದ್ದಳು. ಕೈ ನಿಂತಿತು.

“ಆ ಭಾನುವಾರ ಅಪ್ಪ ಅಮ್ಮನ ವಿಷಯ ಹೇಳಿದ್ರು ರೀ. ಅಮ್ಮ ಅಪ್ಪನ ಮೇಲೆ ಕಂಪ್ಲೇಂಟ್ ಕೊಡೋಕೆ ನಿಲ್ದಾಣಕ್ಕೆ ಬಂದಿದ್ದು, ತಪ್ಪು ಅಂಕಣ ಹೇಳಿ ಬಸ್ ತಪ್ಪಿಸಿದ್ರಿ ಅಂತ. ಹಾಗೇ ಅವರಿಬ್ಬರ ಪರಿಚಯ ಆಗಿದ್ದು. ನನಗೆ ಗೊತ್ತೇ ಇರಲಿಲ್ಲ. ನಕ್ಕೂ ನಕ್ಕೂ ಅಪ್ಪನಿಗೆ ಕೆಮ್ಮು ಬಂತು. ಅದೂ ಅದರಲ್ಲೇ ಇತ್ತಾ?”

ಹೌದೆಂದು ತಲೆಯಾಡಿಸಿದೆ. ಲೇಸ್ ಕಟ್ಟಿ ಡ್ಯೂಟಿಗೆ ಹೋದಳು. ಬಾಗಿಲನ್ನು ಮೆಲ್ಲಗೆ ಹಾಕಿಕೊಂಡಳು.

ಸಲಗಕ್ಕೆ ಬರೆದೆ, ವಾಪಸ್ ತರಬಹುದೇ? ‘ಅಳಿಸಿದ ಮೇಲೆ ಅದೇ ಡಿಸ್ಕಿಗೆ ಏನಾದರೂ ಬರೆದಿರಾ?’ ಅಪ್‌ಡೇಟ್‌ಗಳ ರಾಶಿ. ಅದು ಹೇಳಿಕೊಟ್ಟ ಹುಡುಕಾಟ ಮಾಡಿದೆ. ಒಂದಿಷ್ಟು ಚೂರು ಸಿಕ್ಕವು. ಹಾಕಿ ಕೇಳಿದರೆ ಬರೀ ಗರಗರ. ‘ಕ್ಷಮಿಸಿ’ ಎಂದಿತು ಸಲಗ. ಅದು ಕೇಳಬೇಕಾದ ಕ್ಷಮೆಯಲ್ಲ.

ಮೇ 18, ಶನಿವಾರ

ಮೂರು ದಿನ ಬರೆಯಲಿಲ್ಲ. ಬರೆಯಲು ಏನಿತ್ತು? ಸೋತ ಕಥೆ.

ಫೋನನ್ನು ಪೇಪರಿನಡಿ ಬಚ್ಚಿಟ್ಟು ಮಾವನನ್ನು ಮಾತಿಗೆಳೆದೆ. ಹೇಗೋ ವಾಸನೆ ಹಿಡಿದುಬಿಡುತ್ತಾರೆ. “ಹವಾಮಾನವು... ಹಿತಕರವಾಗಿದೆ” ಎಂದರು, ಬೆನ್ನು ನೆಟ್ಟಗೆ ಮಾಡಿಕೊಂಡು. ಫೋನು ತೆಗೆದರೆ ಮಾಮೂಲಿ ಗೊಣಗಾಟ. ಇಟ್ಟರೆ ಮತ್ತೆ ಬಸ್ ಸ್ಟ್ಯಾಂಡ್.

ಇವತ್ತು ತಲೆ ಕೆಟ್ಟು ಕೆಣಕಿದೆ.

“ನಿಮ್ಮ ಅನೌನ್ಸ್‌ಮೆಂಟ್ ಯಾರೂ ಕೇಳಿಸ್ಕೊಳ್ತಾನೇ ಇರಲಿಲ್ಲವಂತೆ ಮಾವ. ಜನ ಬೋರ್ಡು ನೋಡ್ಕೊಂಡು ಹತ್ತುತ್ತಿದ್ರಂತೆ.”

ಕಿಡಿ ಹತ್ತಿತು. “ಯಾವನ್ರೀ ಹೇಳಿದ್ದು? ಬೋರ್ಡಂತೆ ಬೋರ್ಡು! ಓದೋಕೆ ಬಾರದವರು ಎಷ್ಟು ಜನ ನನ್ನ ದನಿ ನಂಬ್ಕೊಂಡು ಮನೆ ಸೇರಿದ್ದಾರೆ, ಗೊತ್ತೇನ್ರೀ ನಿಮಗೆ? ಪುಸ್ತಕದ ಕಟ್ಟು ಎಣಿಸೋರಿಗೆ ಏನು ಗೊತ್ತು ಮಣ್ಣು!” ಬೈದರು, ಕೆಮ್ಮಿದರು, ಮತ್ತೆ ಬೈದರು. ನನ್ನ ಜನ್ಮ ಜಾಲಾಡಿದರು. ನಾನು ಸುಖವಾಗಿ ಕೂತು ಬೈಸಿಕೊಂಡೆ. ಇಷ್ಟು ಚೆನ್ನಾಗಿ ಯಾರೂ ನನ್ನನ್ನು ಬೈದಿಲ್ಲ.

ತಟ್ಟನೆ ನಿಲ್ಲಿಸಿ ಪೇಪರ್ ಎತ್ತಿದರು. ಫೋನು ಕಂಡಿತು.

“ಓಹೋ. ಬೈಗುಳ ಬೇಕಿತ್ತೋ?”

ಆಗ ಎಲ್ಲವನ್ನೂ ಹೇಳಿಬಿಟ್ಟೆ. ಫೈಲು, ಆರ್‌ಎಂ, ಮೇಡಂ ಕೇಳಿದ್ದು. ಮಾವ ಪೇಪರನ್ನು ಮಡಿಸಿ ಪಕ್ಕಕ್ಕಿಟ್ಟರು. ದನಿ ಮುಗಿದಿತ್ತೋ ಏನೋ. ಬರೀ ಗಾಳಿಯಲ್ಲಿ, “ಎರಡು ದಿನದ ಗೊರಕೆ ಕೇಳೋದು ತಪ್ಪಿತು ಬಿಡಿ” ಎಂದು ನನ್ನ ಭುಜ ತಟ್ಟಿದರು. ಬೈದಾಗ ಬಾರದ ಅಳು ಆಗ ಬಂತು.

ಮೇ 19, ಭಾನುವಾರ

ನಿನ್ನೆಯ ಬೈಗುಳ ಮೇಡಂಗೆ ಕಳಿಸಿದೆ. ‘ಚಿಕ್ಕದಾಯ್ತು, ಆದ್ರೂ ತುಂಬಾ ಉಪಯೋಗವಾಗುತ್ತೆ’ ಎಂದು ಬರೆದಿದ್ದಾರೆ. ಹಾಗಾದರೆ ಮಾವ ಮುಂದೆಯೂ ನನ್ನನ್ನು ಚೆನ್ನಾಗಿಯೇ ಬೈಯುತ್ತಾರೆ.

ಇವಳು ರಜೆ ಹಾಕಿ ಇಡೀ ದಿನ ಅಪ್ಪನ ಮಂಚದ ಮೇಲೇ ಕೂತಿದ್ದಳು. ಅಮ್ಮನ ವಿಷಯ ಇನ್ನೊಮ್ಮೆ ಹೇಳಪ್ಪಾ ಎಂದಳು. ಮಾವ ಶುರು ಮಾಡಿದರು. ಅಂಕಣದ ನಂಬರ್ ಬರುವಷ್ಟರಲ್ಲಿ ದನಿ ನಿಂತುಹೋಯಿತು. ತುಟಿ ಅಲ್ಲಾಡುತ್ತಿತ್ತು, ಏನೂ ಕೇಳಿಸುತ್ತಿರಲಿಲ್ಲ. “ಸಾಕಪ್ಪ, ನನಗೆ ನೆನಪಿದೆ” ಎಂದು ಮುಂದಿನದನ್ನು ಅವಳೇ ಹೇಳಿದಳು. ಎಲ್ಲೆಲ್ಲಿ ತಪ್ಪಿದಳೋ ಅಲ್ಲಲ್ಲಿ ಮಾವ ಕೈಯಲ್ಲೇ ತಿದ್ದಿದರು. ರಾತ್ರಿ ನನ್ನ ತಟ್ಟೆಗೆ ಬಡಿಸುತ್ತಾ ಇವಳು ನನ್ನ ಜೊತೆಗೂ ನಾಲ್ಕು ಮಾತಾಡಿದಳು.

ಮೇ 20, ಸೋಮವಾರ, ಬೆಳಿಗ್ಗೆ

ಬ್ಯಾಗ್ ಸಿದ್ಧ. ರಿಪೋರ್ಟುಗಳು, ಟವೆಲ್, ಬರೆದು ತೋರಿಸಲು ಸ್ಲೇಟು. ಇವಳು ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಅಳುತ್ತಿದ್ದಾಳೆ. ನಲ್ಲಿ ಬಿಟ್ಟರೆ ಕೇಳಿಸುವುದಿಲ್ಲ ಎಂದುಕೊಂಡಿದ್ದಾಳೆ. ನಾನು ಒಳಕೋಣೆಗೆ ಬಂದು ಇದನ್ನು ಬರೆಯುತ್ತಿದ್ದೇನೆ.

ರಾತ್ರಿ ಮಲಗಿದ್ದರಿಂದ ಬೆಳಿಗ್ಗೆ ಮಾವನ ದನಿ ಸ್ವಲ್ಪ ತೆರೆದಿದೆ. ಹತ್ತು ಗಂಟೆಗೆ ಒಳಗೆ ಕರೆದುಕೊಳ್ಳುತ್ತಾರೆ.

“ಅಳಿಯಂದಿರೇ...”

ಹಾಲ್‌ನಿಂದ. ಟ್ಯಾಕ್ಸಿ ಬಂದಿರಬೇಕು, ಹೊರಗೆ ಹಾರ್ನ್ ಕೂಡ ಆಯಿತು. ಬಂದೆ ಎನ್ನಬೇಕು. ಎನ್ನುತ್ತಿಲ್ಲ. ಬಂದೆ ಎಂದರೆ ಕರೆಯುವುದನ್ನು ನಿಲ್ಲಿಸಿಬಿಡುತ್ತಾರೆ.

“ಅಳಿಯಂದಿರೇ, ಎಲ್ಲಿ ಹಾಳಾಗಿ ಹೋದ್ರಿ?”

ಫೋನು ಚಾರ್ಜಿಗಿದೆ. ಕೈ ಚಾಚಿದರೆ ಸಿಗುತ್ತದೆ. ಬೇಡ. ಇದು ನನಗಿರಲಿ. ಇನ್ನೊಂದು ಸಲ ಕರೆಯಲಿ, ಆಮೇಲೆ ಹೋಗುತ್ತೇನೆ. ಇನ್ನೊಂದೇ