ನೋಡುವವರಿಲ್ಲದ ನಡಿಗೆ

ಮೋರಟಗಿ, ಮಂಗಳವಾರ

ಮಗಳೇ ಅಲ್ಮಾಸ,

ನಿನ್ನ ಮಹಾರಾಣಿ ಬಾಳಮ್ಮನ ಆಶೀರ್ವಾದಗಳು!

ಜೀವಮಾನವಿಡೀ ನಾಟಕ ಕಂಪನಿಗಳಲ್ಲಿ ರಾಣಿ ಪಾತ್ರ ಮಾಡಿ ಗುಡುಗಿದವಳು ನಾನು. ಸೊಂಟ ಮುರಿದುಕೊಂಡು ನಿಮ್ಮ ಸಿಂದಗಿ ಆಸ್ಪತ್ರೆಗೆ ಬಂದಾಗ, ಆಪರೇಷನ್ನಿನ ಮಂಪರಿನಲ್ಲಿ ನಿನ್ನನ್ನು "ಎಲೌ ದಾಸಿ!" ಎಂದು ಕರೆದೆನಂತೆ. ಬೇರೆ ನರ್ಸ್ ಆಗಿದ್ದರೆ ಮುಖ ಊದಿಸುತ್ತಿದ್ದಳು. ನೀನು "ಅಪ್ಪಣೆ ಮಹಾರಾಣಿ, ಮೊದಲ ಗುಳಿಗಿ ನುಂಗ್ರಿ" ಅಂದೆ! ನಿನಗೆ ರೋಜಾ ಉಪವಾಸ ಇದ್ದರೂ ನನ್ನ ಗಂಜಿಯನ್ನು ಊದಿ ಊದಿ ಆರಿಸಿ ಉಣಿಸಿದೆ. ವಾಕರ್ ಹಿಡಿದು ಹೆಜ್ಜೆ ಇಟ್ಟಾಗ ಇಡೀ ವಾರ್ಡಿನಿಂದ ಚಪ್ಪಾಳೆ ಹೊಡೆಸಿದೆ.

ಮನೆಗೆ ಬಂದ ಮೇಲೆ ನಾನು ಮಂಚ ಬಿಟ್ಟು ಎದ್ದಿಲ್ಲ. ಪಕ್ಕದ ಮನೆಯ ಭಾಗ್ಯಜ್ಯೋತಿ ರೊಟ್ಟಿ ಇಟ್ಟು, "ಇನ್ನೂ ಎದ್ದಿಲ್ಲೇನ ಆಯಿ?" ಎಂದು ಕೇಳಿ, ಉತ್ತರ ಬರುವ ಮೊದಲೇ ಹೋಗಿರುತ್ತಾಳೆ. ಹೀಗೇ ಮಲಗಿದರೆ ಮತ್ತೆಂದೂ ನಡೆಯಲಾರೆ ಎಂದು ಡಾಕ್ಟರು ಬೈದಿದ್ದಾರೆ. ಆದರೆ ಖಾಲಿ ಮನೆಯಲ್ಲಿ ರಂಗಪ್ರವೇಶ ಮಾಡಿ ನನಗೆ ರೂಢಿಯಿಲ್ಲ ತಾಯಿ.

ನಿನಗೆ ಮುದ್ದೇಬಿಹಾಳಕ್ಕೆ ವರ್ಗವಾಗಿದೆಯಂತೆ. ಹೋಗುವ ಮುನ್ನ ಒಂದು ರವಿವಾರ ಬಾ. ಕೈ ಹಿಡಿಯಬೇಡ. ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ನೋಡುತ್ತಾ ಕೂತಿರು, ಸಾಕು. ಅಡುಗೆಮನೆಗೆ ನಾನೇ ನಡೆದು ಹೋಗಿ ನಿನಗೆ ಚಹಾ ಮಾಡುತ್ತೇನೆ. ಸಕ್ಕರೆ ಇದೆ. ಹಾಲು ಮಾತ್ರ ಬರುವಾಗ ನೀನೇ ತಾ.

ನಿನ್ನ ದಾರಿ ಕಾಯುವ,
ಬಾಳಮ್ಮ