ಕೆರೆಗೊಂದು ಹಗ್ಗ

ಸಿಂಧಘಟ್ಟ
ಸೋಮವಾರ

ದೊಡ್ಡಪ್ಪ ಚೆಲುವಯ್ಯನವರಿಗೆ ತಿಮ್ಮೇಶನ ನಮಸ್ಕಾರ.

ನಿನ್ನೆ ಅರಳಿಕಟ್ಟೆಯಲ್ಲಿ ಎಲ್ಲರೆದುರು ನೀವು, "ಎಂಗಸ್ರು ಕೆರೆಗಿಳಿದು ಈಜಾಡುದ್ರೆ ಊರ ಮಾನ ಏನಾಯ್ತದ್ಲಾ? ಸಂಬಳಕ್ಕೆ ಕಬಡ್ಡಿ ಆಡೋನು ಆಡ್ಕೊಂಡಿರು" ಅಂದಿರಿ. ಹಿರಿಯರೆಂದು ಕೈಮುಗಿದು ಎದ್ದು ಬಂದೆ. ಈಗ ಹೇಳುತ್ತೇನೆ, ಈಜು ಕಲಿಸುವುದನ್ನು ನಾನು ನಿಲ್ಲಿಸುವುದಿಲ್ಲ.

ಹೋದ ವರ್ಷ ನಮ್ಮಕ್ಕ ಚಂದ್ರಕಲ ಬಟ್ಟೆ ಒಗೆಯುವ ಕಲ್ಲಿನಿಂದ ಜಾರಿ ಮುಳುಗಿ ತೀರಿಕೊಂಡಾಗ ದಡದಲ್ಲಿ ಆರು ಜನ ಹೆಂಗಸರಿದ್ದರು. ಒಬ್ಬರಿಗೂ ಈಜು ಬರುತ್ತಿರಲಿಲ್ಲ. ಆ ಹೊತ್ತಿಗೆ ನಾನು ಪುಣೆಯಲ್ಲಿ ಪಂದ್ಯ ಗೆದ್ದು ಚಪ್ಪಾಳೆ ಗಿಟ್ಟಿಸುತ್ತಿದ್ದೆ. ಊರ ಮಾನ ಆವತ್ತು ಎಲ್ಲಿತ್ತು?

ಈಗ ಅದೇ ಕಲ್ಲಿನ ಹತ್ತಿರ ಊರ ಹೆಂಗಸರನ್ನು ಸೊಂಟದ ಮಟ್ಟದ ನೀರಿನಲ್ಲಿ ನಿಲ್ಲಿಸಿ, ಒಂದೇ ಉಸಿರಿಗೆ 'ಕಬಡ್ಡಿ ಕಬಡ್ಡಿ' ಅನ್ನುವುದನ್ನು ಮೊದಲು ಕಲಿಸುತ್ತೇನೆ. ಉಸಿರು ಹಿಡಿತಕ್ಕೆ ಬಂದರೆ ನೀರಿನ ಭಯ ಅರ್ಧ ಹೋಗುತ್ತದೆ. ಸೀರೆಗೆ ಕಚ್ಚೆ ಹಾಕಿಕೊಂಡು ಹದಿನಾಲ್ಕು ಜನ ಬರುತ್ತಿದ್ದಾರೆ.

ಹಬ್ಬಕ್ಕೆ ನನಗೆ ಸನ್ಮಾನ ಮಾಡುತ್ತೀರಂತೆ. ಶಾಲು ಬೇಡ. ನಿಮ್ಮ ಅಟ್ಟದ ಮೇಲಿರುವ ಬಾವಿ ಹಗ್ಗ ಕೊಡಿ, ಕಲಿಯುವವರಿಗೆ ಹಿಡಿದುಕೊಳ್ಳಲು ನೀರಿಗೆ ಅಡ್ಡಲಾಗಿ ಕಟ್ಟಬೇಕು. ನೀವು ಬರಬೇಕಾಗಿಲ್ಲ, ದೊಡ್ಡಮ್ಮನ ಕೈಲಿ ಕಳಿಸಿದರೆ ಸಾಕು. ಬೆಳಿಗ್ಗೆ ಆರಕ್ಕೆ ಎಲ್ಲರಿಗಿಂತ ಮೊದಲು ನೀರಿಗಿಳಿಯುವವರು ಅವರೇ.

ನಿಮ್ಮ ತಮ್ಮನ ಮಗ,
ತಿಮ್ಮೇಶ