ತಿಮ್ಮಕ್ಕನ ಜಡೆಯ ವಿಚಾರ

ಜರಗನಹಳ್ಳಿ
೧೪-೫-೧೯೭೮, ಭಾನುವಾರ

ತಿಮ್ಮಕ್ಕನ ಅಪ್ಪನವರಿಗೆ ಗೌರಮ್ಮನ ನಮಸ್ಕಾರಗಳು.

ನಿಮ್ಮ ಆರೋಗ್ಯ ಹೇಗಿದೆ? ದಿನಾ ಗೋಧಿ ರೊಟ್ಟಿ ತಿಂದು ಹೊಟ್ಟೆ ಕಲ್ಲಾಗಿದೆ ಎಂದು ಬರೆದಿದ್ದಿರಿ. ಬೆಳಿಗ್ಗೆ ಎದ್ದ ಕೂಡಲೇ ಬಿಸಿನೀರು ಕುಡಿಯಿರಿ. ನಿಮ್ಮ ಕಾರ್ಖಾನೆಯ ಶಾಂತವೀರಪ್ಪನವರು ರಜೆ ಮುಗಿಸಿ ಪಿಂಜೋರಿಗೆ ಹೊರಟಿದ್ದಾರೆ, ಅವರ ಕೈಯಲ್ಲೇ ಈ ಕಾಗದ, ರಾಗಿಹಿಟ್ಟು, ಹುರಳಿಕಾಳು, ನಿಂಬೆಕಾಯಿ ಉಪ್ಪಿನಕಾಯಿ ಕಳಿಸುತ್ತಿದ್ದೇನೆ. ಮುದ್ದೆ ತಿರುವಲು ಹಿಟ್ಟಿನ ಕೋಲಿಲ್ಲ ಎಂದು ಗಂಜಿ ಕಾಯಿಸಿ ಕುಡಿದುಬಿಡುತ್ತೀರಿ ಎಂದು ಕೋಲನ್ನೂ ಜೊತೆಗೇ ಕಟ್ಟಿದ್ದೇನೆ. ಅತ್ತೆಯವರ ಮಂಡಿನೋವು ಹಾಗೇ ಇದೆ, ಬಾಯಿಗೆ ಮಾತ್ರ ಯಾವ ನೋವೂ ಇಲ್ಲ. ಎಮ್ಮೆ ಕರು ಹಾಕಿದೆ, ಹೆಣ್ಣು. ಈ ಮನೆಯ ಗಂಡಸರಿಗೆ ಹೆಣ್ಣು ಹುಟ್ಟಿದರೆ ಖುಷಿಯಾಗುವುದು ಕೊಟ್ಟಿಗೆಯಲ್ಲಿ ಮಾತ್ರ ಎಂದು ಬರೆಯೋಣ ಅನ್ನಿಸಿತು. ಆದರೆ ಅದು ಸುಳ್ಳಾಗುತ್ತದೆ. ತಿಮ್ಮಿ ಹುಟ್ಟಿದಾಗ ಊರಿಗೆಲ್ಲ ಸಕ್ಕರೆ ಹಂಚಿದವರು ನೀವು. ಅದಕ್ಕೇ ನಿಮ್ಮ ಹೋದ ಕಾಗದ ಓದಿ ನನಗೆ ಮೈಯೆಲ್ಲ ಉರಿದುಹೋಯಿತು.

‘ತಿಮ್ಮಕ್ಕನ ಜಡೆಗೆ ಕತ್ತರಿ ಹಾಕಿದ ದಿನ ನನಗೆ ಮಗಳಿಲ್ಲ ಅಂತ ತಿಳ್ಕೊ’ ಎಂದು ಬರೆದಿದ್ದೀರಿ. ಕೆಳಗೆ ಎರಡು ಗೆರೆ ಬೇರೆ ಎಳೆದಿದ್ದೀರಿ. ಗೆರೆ ಎಳೆಯದಿದ್ದರೂ ನನಗೆ ಅರ್ಥವಾಗುತ್ತಿತ್ತು. ಬಸವನಗುಡಿಯ ಸ್ಕೂಲಿನಲ್ಲಿ ಏಳನೇ ಕ್ಲಾಸಿನವರೆಗೆ ಓದಿದವಳು ನಾನು. ಇದೆಲ್ಲ ನಿಮ್ಮ ತಮ್ಮ ಪಿಳ್ಳಣ್ಣನ ಕೆಲಸ. ‘ನಮ್ ಮನೆ ಹೆಣ್ ಮಗ ಜಯನಗರದೋರ ಮುಂದೆ ನೀರಿಗೆ ಬೀಳ್ತಾಳೆ, ಈಗ ಜುಟ್ಟೂ ಕುಯ್ಸ್‌ತಾರಂತೆ’ ಎಂದು ಅರಳಿಕಟ್ಟೆಯಲ್ಲಿ ಹೇಳಿದ್ದು ಸಾಲದೆ ನಿಮಗೂ ಬರೆದು ಹಾಕಿದ್ದಾನೆ. ಅವನು ಹೇಳಿದ್ದನ್ನು ಓದಿದ್ದಾಯಿತಲ್ಲ, ಈಗ ನಾನು ಹೇಳುವುದನ್ನೂ ಓದಿ. ಮೊದಲಿನಿಂದಲೇ ಬರೆಯುತ್ತೇನೆ, ಯಾಕೆಂದರೆ ನಿಮಗೆ ಮೊದಲಿನದೇ ಮರೆತುಹೋದ ಹಾಗಿದೆ.

ಇವಳನ್ನು ನೀರಿಗೆ ಇಳಿಸಿದವರು ಯಾರು? ನಾನೋ? ತೋಟದ ಬಾವಿಯ ಕಟ್ಟೆಯ ಮೇಲೆ ನಿಂತು, ಅಷ್ಟು ಸಣ್ಣ ಮಗುವಿನ ಬೆನ್ನಿಗೆ ಒಣ ಸೋರೆಬುರುಡೆ ಕಟ್ಟಿ, ಸೊಂಟಕ್ಕೆ ಹಗ್ಗ ಬಿಗಿದು, ‘ಹೋಗು ಮೀನೇ’ ಎಂದು ಎತ್ತಿ ಎಸೆದವರು ನೀವು. ನಾನು ಮೇಲೆ ನಿಂತು ಎದೆ ಎದೆ ಹೊಡೆದುಕೊಂಡೆ. ‘ಬಾವಿ ಇರೋ ಮನೇಲಿ ಹುಟ್ಟಿ ಈಜು ಬರ್ದಿದ್ರೆ ಹೆಂಗೆ, ಸುಮ್ಕಿರೇ’ ಎಂದು ನನ್ನ ಬಾಯಿ ಮುಚ್ಚಿಸಿದಿರಿ. ಆ ಬೇಸಿಗೆ ಮುಗಿಯುವಷ್ಟರಲ್ಲಿ ಬುರುಡೆಯನ್ನೂ ಹಗ್ಗವನ್ನೂ ಕಿತ್ತೆಸೆದಳು. ಪಂಪ್‌ಸೆಟ್ಟಿನ ಕಲ್ಲಿನ ಮೇಲಿಂದ ಹಾರುವುದು, ತಳ ಮುಟ್ಟಿ ಹಿಡಿ ಕೆಸರು ತಂದು ನಿಮಗೆ ತೋರಿಸುವುದು. ಕೆಸರು ನೋಡಿ ನೀವು ಮೀಸೆ ತಿರುಗಿಸಿದ್ದೇ ತಿರುಗಿಸಿದ್ದು. ಆಗ ಅವಳು ಹೆಣ್ಣು ಎನ್ನುವುದು ನಿಮಗೂ ಹೊಳೆದಿರಲಿಲ್ಲ, ನಿಮ್ಮ ತಮ್ಮನಿಗೂ ಹೊಳೆದಿರಲಿಲ್ಲ.

ನೀವು ಉತ್ತರದ ಆ ಪಿಂಜೋರಿಗೆ ವರ್ಗವಾಗಿ ಹೋದ ವರ್ಷವೇ ಅನಂತಪದ್ಮನಾಭ ಮೇಷ್ಟ್ರು ನಮ್ಮ ಕಡೆ ಸೈಟು ನೋಡಲು ಬಂದದ್ದು. ಜಯನಗರದ ಕೊಳದಲ್ಲಿ ಮಕ್ಕಳಿಗೆ ಈಜು ಕಲಿಸುವವರು. ಬಿಸಿಲಿಗೆ ಬಾಯಾರಿ ನೀರು ಕೇಳಿಕೊಂಡು ತೋಟಕ್ಕೆ ಬಂದವರು ಬಾವಿಯಲ್ಲಿ ಇವಳನ್ನು ನೋಡಿದರು, ಚೊಂಬು ಕೈಯಲ್ಲೇ ಉಳಿಯಿತು. ‘ಯಾರಮ್ಮ ಈ ಮಗು? ಇದನ್ನ ಬಾವೀಲೇ ಬಿಟ್ರೆ ನಿಮಗೆ ಪಾಪ ಬರತ್ತೆ ಕಣ್ರೀ’ ಎಂದರು. ಸೈಟು ಕೊಳ್ಳಲಿಲ್ಲ, ಮಗಳನ್ನು ಕರೆದುಕೊಂಡು ಹೋದರು. ಅದರ ಮುಂದಿನ ವರ್ಷ ಬಡಾವಣೆಗೆ ಅಂತ ತೋಟವೂ ಹೋಯಿತು, ಬಾವಿಗೆ ಮಣ್ಣು ತುಂಬಿದರು. ಆ ದಿನ ಮೇಷ್ಟ್ರು ಬಾರದೆ ಹೋಗಿದ್ದರೆ ಅವಳ ಈಜು ಆ ಮಣ್ಣಿನ ಅಡಿಯಲ್ಲೇ ಇರುತ್ತಿತ್ತು. ಇದನ್ನೆಲ್ಲ ನಿಮಗೆ ಆಗಲೇ ಬರೆದಿದ್ದೆ. ‘ಹೋಗಲಿ, ಕಲೀಲಿ’ ಎಂದು ಉತ್ತರ ಬರೆದವರೂ ನೀವೇ.

ಕೊಳದಲ್ಲಿ ಅವಳು ಪಟ್ಟ ಪಾಡು ನಿಮಗೆ ಗೊತ್ತಿಲ್ಲ. ನಾನು ಹಾಲಿನ ಕ್ಯಾನು ಹಿಡಿದು, ಅವಳು ಟವೆಲ್ಲು ಹಿಡಿದು, ಕನಕಪುರ ರಸ್ತೆಯಲ್ಲಿ ಮೊದಲನೇ ಬಸ್ಸಿಗೆ ನಿಲ್ಲುತ್ತಿದ್ದೆವು. ‘ತಿಮ್ಮಕ್ಕ’ ಎಂದು ಹೆಸರು ಕೂಗಿದಾಗ ಅಲ್ಲಿನ ಮಕ್ಕಳು ಕಿಸಕ್ಕನೆ ನಕ್ಕವು. ತಲೆ ನೀರೊಳಗೆ ಇಟ್ಟು ಈಜು ಎಂದರೆ ಇವಳಿಗೆ ಬಾರದು. ಬಾವಿಯಲ್ಲಿ ಯಾರು ಯಾವಾಗ ಮೇಲಿಂದ ಹಾರುತ್ತಾರೋ ಎಂದು ಕತ್ತೆತ್ತಿಕೊಂಡೇ ಈಜಿ ಅಭ್ಯಾಸ! ಮೊದಲನೇ ಪಂದ್ಯದಲ್ಲಿ ಎಲ್ಲರಿಗಿಂತ ಮುಂದೆ ಹೋಗಿ ಆಚೆ ಗೋಡೆ ಮುಟ್ಟಿದವಳು ಮೇಲೆ ಹತ್ತಿ ನಿಂತು ಸೊಂಟದ ಮೇಲೆ ಕೈಯಿಟ್ಟುಕೊಂಡಳಂತೆ. ಬಾವಿಯಲ್ಲಿ ಕಲ್ಲು ಮುಟ್ಟಿದರೆ ಗೆದ್ದ ಹಾಗೆ ತಾನೇ? ತಿರುಗಿ ವಾಪಸು ಬರಬೇಕು ಎಂದು ಅವಳಿಗೆ ಯಾರೂ ಹೇಳಿರಲಿಲ್ಲ. ಮನೆಗೆ ಬಂದು ಅತ್ತಳು. ಮಾರನೆಯ ಬೆಳಿಗ್ಗೆ ನಾನು ಎಬ್ಬಿಸುವ ಮೊದಲೇ ಎದ್ದು ಟವೆಲ್ಲು ಹಿಡಿದು ಬಾಗಿಲಲ್ಲಿ ಕೂತಿದ್ದಳು. ನಿಮ್ಮದೇ ಹಟ, ಎಲ್ಲಿಗೆ ಹೋಗುತ್ತದೆ. ಈಗ ದೇವರ ಪಟದ ಪಕ್ಕದ ಮೊಳೆಯಲ್ಲಿ ಅವಳ ಪದಕಗಳು ತೂಗುತ್ತಿವೆ, ಪೂಜೆ ಮಾಡುವಾಗ ಅತ್ತೆಯವರು ಅವಕ್ಕೂ ಒಂದು ಹೂವು ಸಿಕ್ಕಿಸುತ್ತಾರೆ. ನಕ್ಕ ಮಕ್ಕಳೇ ಈಗ ‘ತಿಮ್ಮೂ, ತಿಮ್ಮೂ’ ಎಂದು ಹಿಂದೆ ಹಿಂದೆ ಬರುತ್ತವೆ.

ಇನ್ನು ಜಡೆ. ಆ ಕೂದಲು ನಿಮಗೆ ಎಷ್ಟು ಇಷ್ಟ ಎಂದು ನನಗೆ ಗೊತ್ತಿಲ್ಲವೇ? ಮೊಗ್ಗಿನ ಜಡೆ ಹಾಕಿಸಿ, ಸ್ಟುಡಿಯೋದಲ್ಲಿ ಬೆನ್ನಹಿಂದೆ ಕನ್ನಡಿ ಇಡಿಸಿ ತೆಗೆಸಿದ ಫೋಟೋ ನಿಮ್ಮ ಟ್ರಂಕಿನಲ್ಲಿದೆ. ‘ಶುಕ್ರವಾರ ತಪ್ಪದೆ ಎಣ್ಣೆನೀರು ಹಾಕು, ಕೂದಲು ಹಾಳಾದೀತು’ ಎಂದು ಪ್ರತಿ ಕಾಗದದಲ್ಲೂ ಬರೆಯುತ್ತೀರಿ. ಹೋದ ತಿಂಗಳು ಹಲಸೂರಿನ ಕೊಳದಲ್ಲಿ ರಾಜ್ಯಮಟ್ಟದ ಪಂದ್ಯ ಶನಿವಾರ ಇತ್ತು. ಹಿಂದಿನ ದಿನ ಶುಕ್ರವಾರ. ನಿಮ್ಮ ಅಪ್ಪಣೆಯಂತೆ ಅತ್ತೆಯವರು ಮೊಮ್ಮಗಳನ್ನು ಕೂರಿಸಿಕೊಂಡು, ನಾಳೆ ಮಗುವಿಗೆ ತಂಪಾಗಿರಲಿ ಎಂದು ಹರಳೆಣ್ಣೆಯನ್ನು ತಲೆಗೆ ಸುರಿದು ತಟ್ಟಿದರು. ಸೀಗೆಪುಡಿಗೆ ಬಗ್ಗುವ ಎಣ್ಣೆಯೇ ಅದು! ಮಾರನೆಯ ದಿನ ಆ ಮೊಣಕಾಲುದ್ದದ ಕೂದಲನ್ನು ಸುತ್ತಿ ಸುತ್ತಿ ರಬ್ಬರು ಟೋಪಿಯೊಳಗೆ ತುರುಕಿದೆವು. ತಿಮ್ಮಿ ನೀರಿಗೆ ಹಾರಿದ್ದೇ ತಡ, ಟೋಪಿ ಜಾರಿ ಒಂದು ಕಡೆ, ಜಡೆ ಬಿಚ್ಚಿ ಒಂದು ಕಡೆ. ಕಣ್ಣಿಗೆ, ಮೂಗಿಗೆ, ಬಾಯಿಗೆ ಕೂದಲು. ಕೈ ಎತ್ತಿದರೆ ಕೈಗೂ ಸುತ್ತಿಕೊಳ್ಳುತ್ತದೆ. ನಾನು ಮೆಟ್ಟಿಲ ಮೇಲೆ ನಿಂತು ನೋಡಿದೆ. ಎಲ್ಲರೂ ಮುಗಿಸಿ ಮೇಲೆ ಹತ್ತಿ ಟವೆಲ್ಲಿನಲ್ಲಿ ಮೈ ಒರೆಸಿಕೊಳ್ಳುತ್ತಿದ್ದಾರೆ, ನನ್ನ ಮಗಳು ಒಬ್ಬಳೇ ಕೆಮ್ಮುತ್ತಾ ಕೆಮ್ಮುತ್ತಾ ಬರುತ್ತಿದ್ದಾಳೆ. ಆದರೂ ನಿಲ್ಲಿಸಲಿಲ್ಲ. ಗೋಡೆ ಮುಟ್ಟಿಯೇ ಮೇಲೆದ್ದಳು. ಅದನ್ನು ನೀವು ನೋಡಿದ್ದರೆ ಆ ಎರಡು ಗೆರೆ ಎಳೆಯುತ್ತಿರಲಿಲ್ಲ ಎಂದು ನನ್ನ ನಂಬಿಕೆ.

ಮೇಷ್ಟ್ರು ಬೈಯಲಿಲ್ಲ. ನನ್ನನ್ನು ಪಕ್ಕಕ್ಕೆ ಕರೆದು, ‘ನೋಡಿ ಗೌರಮ್ಮ, ಮೇ ಕೊನೇಲಿ ರಾಜ್ಯದ ತಂಡಕ್ಕೆ ಆಯ್ಕೆ ಇದೆ. ಎಣ್ಣೆ ಇರ್ಲಿ ಬಿಡ್ಲಿ, ಇಷ್ಟು ಕೂದಲು ಯಾವ ಟೋಪೀಲೂ ನಿಲ್ಲಲ್ಲ. ಕತ್ತರಿಸಿದ್ರೆ ಹೆಸರು ಕೊಡ್ತೀನಿ. ಇಲ್ದಿದ್ರೆ ಮಗೂನ ಇನ್ನೊಂದ್ಸಲ ಹೀಗೆ ಅಳ್ಸೋಕೆ ನನ್ನ ಕೈಲಾಗಲ್ಲ’ ಎಂದರು. ನಾನು ಅವಳ ಅಪ್ಪನನ್ನು ಕೇಳಬೇಕು ಸಾರ್ ಎಂದೆ. ಕೇಳಿಯೇ ಬರೆದೆ, ನೆನಪಿದೆಯಲ್ಲ? ನನ್ನ ಕಾಗದದ ಹಿಂದೆಯೇ ಪಿಳ್ಳಣ್ಣನದೂ ಹೋಯಿತು, ಬಂದ ಉತ್ತರ ಅವನಿಗೆ ಬರೆದ ಹಾಗಿತ್ತು, ನನಗಲ್ಲ.

ಉತ್ತರ ಬಂದ ದಿನ ಒಲೆ ಮುಂದೆ ಕೂತು ಅತ್ತುಬಿಟ್ಟೆ. ಸೆರಗಲ್ಲಿ ಮುಖ ಒರೆಸಿಕೊಂಡು, ನೀವು ಬೇಡ ಎಂದಿದ್ದೀರಿ ಎಂದಷ್ಟೇ ಅತ್ತೆಯವರಿಗೆ ಹೇಳಿದೆ. ಅವರು ‘ಒಳ್ಳೇದಾಯ್ತು’ ಅನ್ನುತ್ತಾರೆ ಎಂದು ಎದೆ ಗಟ್ಟಿ ಮಾಡಿಕೊಂಡಿದ್ದೆ. ಆದರೆ ಅವರು ಎಲೆಯಡಿಕೆ ಉಗಿದು ಬಂದು, ‘ಬ್ಯಾಡ ಅನ್ನಾಕೆ ಅವನ್ಯಾವನೇ? ಆ ಕೂದ್ಲು ಅವನ್ ಕಡೇದಾ? ನನ್ ಕಡೇದು. ಅವನ್ ತಲೆ ಆಗ್ಲೇ ಹಿಂದ್ಲಿಂದ ಬೋಳಾಗ್ತಾ ಐತೆ’ ಎಂದರು. ಕೋಪ ಮಾಡಿಕೊಳ್ಳಬೇಡಿ, ಹೇಳಿದ್ದನ್ನು ಹೇಳಿದ ಹಾಗೆ ಬರೆದಿದ್ದೇನೆ. ಆಮೇಲೆ ಗೋಡೆಗೊರಗಿ ಕೂತು ಮೆಲ್ಲಗೆ, ‘ಕತ್ತರಿ ಯಾಕೆ ಹಾಕ್ತೀಯ ಗೌರಿ. ಮುತ್ತುರಾಯಂಗೆ ಮುಡಿ ಹೊತ್ಕೋ. ದೇವ್ರಿಗೆ ಕೊಟ್ಟಿದ್ದನ್ನ ಯಾವನ್ ಕೇಳ್ತಾನೋ ನಾನೂ ನೋಡ್ತೀನಿ’ ಎಂದರು. ನಿಮ್ಮ ಅಮ್ಮ ಸಪ್ಪಲಮ್ಮನವರನ್ನು ನಾನು ಇಷ್ಟು ವರ್ಷ ಏನೆಂದುಕೊಂಡಿದ್ದೆನೋ, ಅಂದು ಕಾಲಿಗೆ ಬಿದ್ದೆ.

ಸುಳ್ಳು ಹರಕೆ ಹೊರಲಿಲ್ಲ. ತಲೆ ಮೇಲೆ ನೀರು ಹಾಕಿಕೊಂಡು, ದೀಪ ಹಚ್ಚಿ, ‘ಅವಳ ಮುಡಿ ನಿನಗಪ್ಪಾ, ಅವಳ ಈಜು ಅವಳಿಗೆ ಬಿಡು’ ಎಂದು ಬೇಡಿಕೊಂಡೆ. ತಿಮ್ಮಿಯನ್ನೂ ಕೇಳಿದೆ. ‘ಟೋಪಿ ನಿಲ್ತದಾ?’ ಎಂದಳು. ನಿಲ್ಲುತ್ತದೆ ಎಂದೆ. ‘ಹಂಗಾದ್ರೆ ಕೊಡಾನ’ ಎಂದಳು, ಅಷ್ಟೇ. ಹರಕೆ ಎಂದ ಮೇಲೆ ಪಿಳ್ಳಣ್ಣನೇ ಮುಂದೆ ನಿಂತು ಗಾಡಿ ಕಟ್ಟಿದ. ಹೋದ ಸೋಮವಾರ ತಲಘಟ್ಟಪುರದ ಆಚೆ ನಮ್ಮ ಮನೆದೇವರ ಗುಡಿಯ ಮುಂದೆ ನಿಮ್ಮ ಮಗಳ ಮುಡಿ ತೆಗೆಸಿದೆವು. ಊರ ಹೆಂಗಸರೆಲ್ಲ ‘ಎಂಥಾ ಭಕ್ತಿ’ ಎಂದು ಬಾಯ್ತುಂಬ ಹೊಗಳಿದರು. ಅದೇ ಕೂದಲನ್ನು ಈಜಿಗೆಂದು ತೆಗೆಸಿದ್ದರೆ ಅವರೇ ಏನು ಹೇಳುತ್ತಿದ್ದರು ಎಂದು ನಿಮಗೂ ಗೊತ್ತು, ನನಗೂ ಗೊತ್ತು.

ಮಾರನೆಯ ದಿನ ಕೊಳದಲ್ಲಿ ಮುಳುಗಿ ಎದ್ದವಳು, ‘ಅಮ್ಮಾ, ಯಾರೋ ಹಿಂದಿಂದ ಜಡೆ ಹಿಡ್ಕೊಂಡ್ ಎಳೀತಿದ್ದೋರು ಕೈ ಬಿಟ್ಟಂಗಾಯ್ತು’ ಎಂದು ಕೂಗಿದಳು. ಮೇಷ್ಟ್ರು ಹೆಸರು ಕೊಟ್ಟಾಯಿತು. ಇಪ್ಪತ್ತೆಂಟನೇ ತಾರೀಖು ಭಾನುವಾರ ಆಯ್ಕೆ. ಗೆಲ್ಲುತ್ತಾಳೋ ಸೋಲುತ್ತಾಳೋ ನಾನು ಹೇಳಲಾರೆ. ನೀರಿಗೆ ಇಳಿಯುವುದಂತೂ ಇಳಿಯುತ್ತಾಳೆ. ನೀವು ಬೇಡವೆಂದರೂ ಇಳಿಯುತ್ತಾಳೆ, ಬೇಕೆಂದರೂ ಇಳಿಯುತ್ತಾಳೆ. ಬೇಕೆಂದರೆ ಸ್ವಲ್ಪ ನಗುತ್ತಾ ಇಳಿಯುತ್ತಾಳೆ, ಅಷ್ಟೇ ವ್ಯತ್ಯಾಸ. ಕೂದಲು ಮತ್ತೆ ಬೆಳೆಯುತ್ತದೆ. ಈ ವಯಸ್ಸು ಮತ್ತೆ ಬರುವುದಿಲ್ಲ.

ಅತ್ತೆಯವರು ನಿಮಗೆ ಆಶೀರ್ವಾದ ಹೇಳಿದ್ದಾರೆ, ಜೊತೆಗೆ ಹೊಟ್ಟೆಗೆ ಓಮದ ನೀರು ಕುಡಿಯಲು ಹೇಳಿದ್ದಾರೆ. ತಿಮ್ಮಿ ನಮಸ್ಕಾರ ಹೇಳಿದ್ದಾಳೆ. ಮುತ್ತುರಾಯ ನಿಮ್ಮನ್ನು ಚೆನ್ನಾಗಿಟ್ಟಿರಲಿ, ಬುದ್ಧಿಯನ್ನೂ ಕೊಡಲಿ.

ಕೋಪದಲ್ಲಿದ್ದರೂ ನಿಮ್ಮವಳೇ,
ಗೌರಮ್ಮ

ಮರೆತೆ: ಶಾಂತವೀರಪ್ಪನವರು ಬಾಗಿಲಲ್ಲಿ ನಿಂತಿದ್ದಾರೆ, ಬೇಗ ಬೇಗ ಬರೆಯುತ್ತಿದ್ದೇನೆ. ಸೆರಗು ಹೊದ್ದೇ ಕಾಫಿ ಕೊಟ್ಟೆ, ಆದರೂ ಅವರು ನೋಡಿದರು. ಅವರ ಬಾಯಿಂದ ಕೇಳುವ ಮೊದಲು ನಾನೇ ಹೇಳುತ್ತೇನೆ. ಗುಡಿಯ ಮುಂದೆ ಅರ್ಧ ತಲೆ ಬೋಳಿಸುವಷ್ಟರಲ್ಲಿ ತಿಮ್ಮಿ ಗಳಗಳ ಅತ್ತುಬಿಟ್ಟಳು, ಎಷ್ಟಾದರೂ ಮಗು. ಅವಳು ಸುಮ್ಮನಾಗಲಿ ಎಂದು ಅವಳಾದ ಮೇಲೆ ನಾನು ಕೂತೆ. ನಾನು ಏಳುವಷ್ಟರಲ್ಲಿ ಅತ್ತೆಯವರು ಮಂಡಿ ಹಿಡಿದುಕೊಂಡು ಬಂದು ನನ್ನ ಜಾಗದಲ್ಲಿ ಕೂತರು. ಹಣೆತುಂಬ ಕುಂಕುಮ ಇಟ್ಟುಕೊಂಡಿದ್ದೇನೆ, ಗಾಬರಿಯಾಗಬೇಡಿ. ಈಗ ನಿಮ್ಮ ಮನೆಯಲ್ಲಿ ಮೂರು ಬೋಳುತಲೆ. ಮಗಳಿಲ್ಲ ಎಂದು ಬರೆದ ಲೆಕ್ಕದಲ್ಲಿ ನಿಮಗೆ ಈಗ ಹೆಂಡತಿಯೂ ಇಲ್ಲ, ಹೆತ್ತ ತಾಯಿಯೂ ಇಲ್ಲ. ನಿಮ್ಮ ಕಾಗದ ಅತ್ತೆಯವರಿಗೆ ಓದಿ ಹೇಳುವವಳು ನಾನೇ. ಗೆರೆ ಎಳೆದ ಆ ಒಂದು ಸಾಲನ್ನು ಅವರಿಗೆ ಇನ್ನೂ ಓದಿ ಹೇಳಿಲ್ಲ. ಮುಂದಿನ ಕಾಗದ ನೋಡಿಕೊಂಡು ಬರೆಯಿರಿ.